ಛೇದದಲ್ಲಿ ಇಲ್ಲದವರು

ಊಟಕ್ಕೆ ಕೂರಬೇಕೆನ್ನುವಷ್ಟರಲ್ಲಿ ಬಂದ ರೋಗಿಯ ಉಳಿವಿನಂಕ ನೂರಕ್ಕೆ ತೊಂಬತ್ತೊಂದು ಎಂದು ಪರದೆ ತೋರಿಸುತ್ತಿತ್ತು. ಅಷ್ಟು ಅಂಕ ಬಂದವರಿಗಾಗಿ ಹಿರೇದಿನ್ನಿ ಹೃದಯ ಕೇಂದ್ರದಲ್ಲಿ ಯಾರೂ ಓಡಾಡುವುದಿಲ್ಲ. ಆದರೆ ಸ್ಟ್ರೆಚರಿನ ಮೇಲಿದ್ದ ಮನುಷ್ಯನನ್ನು ಕಂಡದ್ದೇ ಡಾ. ನೀಲಾಂಬಿಕಾ ಹೊಸಮನಿ ಬುತ್ತಿಯ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ಎದ್ದು ಬಂದರು. ಮುಖ ಬೂದಿ ಬಳಿದಂತಿತ್ತು. ಕೈ ತಣ್ಣಗಾಗಿ ಬೆವರಿತ್ತು. ನಾಡಿಯನ್ನು ಹುಡುಕಬೇಕಾಯಿತು.

"ಇಮಾಮಸಾಬ, ಇದು ಯಾವ ಲೆಕ್ಕದ ತೊಂಬತ್ತೊಂದು?" ಎಂದರು.

ಹೃದಯದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬಿನ ಹಿರಿಯ ತಂತ್ರಜ್ಞ ಇಮಾಮಸಾಬ ಹೆಬ್ಬಳ್ಳಿ ರೋಗಿಯ ಅಂಗಿಯ ಗುಂಡಿ ಬಿಚ್ಚಿದ. ಎದೆಯ ಮೇಲೆ ಅಂಕ ಹೇಳುವ ಪಟ್ಟಿಯೇ ಇರಲಿಲ್ಲ. ಅದನ್ನು ಕಿತ್ತ ಜಾಗದಲ್ಲಿ ಚೌಕಾಕಾರದ ಕೆಂಪು ಗುರುತು ಮಾತ್ರ ಇತ್ತು.

ಸ್ಟ್ರೆಚರಿನ ಪಕ್ಕದಲ್ಲಿ ಗಂಡನ ಕಾಲು ಹಿಡಿದುಕೊಂಡು ನಿಂತಿದ್ದ ಹೆಂಗಸು ತಲೆ ತಗ್ಗಿಸಲಿಲ್ಲ. ಸೆರಗಿನ ಮೇಲೆ ಕೈ ಇಟ್ಟುಕೊಂಡು, "ನನ್ನ ಎದಿ ಮ್ಯಾಲ ಐತ್ರಿ ಅದು," ಎಂದಳು. "ಇವರ ಎದಿ ಮ್ಯಾಲ ಹತ್ತೊಂಬತ್ತು ತೋರಿಸ್ತು. ಗಾಡಿ ನಮ್ಮ ಬಾಗಲತನಕ ಬಂದಿತ್ರಿ. ಒಂದ್ ಗುಳಿಗಿ ಚೀಟು ಉದುರಿಸಿ ತಿರಿಗಿ ಹೋತು. ನಾ ಪಟ್ಟಿ ಕಿತ್ತು ನನ್ನ ಎದಿಗೆ ಹಚ್ಚಿಕೊಂಡು ಮತ್ತ ಕರದೆ. ಬಂತು."

ಆಕೆಯ ಹೆಸರು ರುದ್ರವ್ವ ಕಟಗೇರಿ. ಸ್ಟ್ರೆಚರಿನ ಮೇಲಿದ್ದವನು ಅವಳ ಗಂಡ ದ್ಯಾಮಣ್ಣ. ಊರಿನ ಅರ್ಧ ಮಕ್ಕಳು ಶಾಲೆಗೆ ಹಾಕಿಕೊಂಡು ಹೋಗುವ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ.

"ಟೇಬಲ್ ಮ್ಯಾಲ ತಗೋರಿ," ಎಂದರು ನೀಲಾಂಬಿಕಾ.

ಇಮಾಮಸಾಬ ಒಂದು ಕ್ಷಣ ತಡೆದ. "ಮೇಡಂ, ಈ ತಿಂಗಳ ಇನ್ನೊಂದು ಸಾವಾತಂದ್ರ ನಾವು ಸಿ ದರ್ಜೆಗೆ ಬೀಳ್ತೀವಿ."

"ಗೊತ್ತೈತಿ. ತಗೋರಿ."

ಈ ಅಂಕದ ವ್ಯವಸ್ಥೆ ಕೆಟ್ಟ ಉದ್ದೇಶದಿಂದ ಹುಟ್ಟಿದ್ದಲ್ಲ. ಅದಕ್ಕೂ ಮುಂಚೆ ಯಾವ ಆಸ್ಪತ್ರೆಯಲ್ಲಿ ಹೃದಯಾಘಾತವಾದವರು ಎಷ್ಟು ಜನ ಬದುಕುತ್ತಾರೆ, ಎಷ್ಟು ಜನ ಸಾಯುತ್ತಾರೆ ಎಂದು ಕೇಳುವವರಿರಲಿಲ್ಲ. ಕಟ್ಟಡ ದೊಡ್ಡದಿದ್ದರೆ ಒಳ್ಳೆಯ ಆಸ್ಪತ್ರೆ ಎನ್ನುತ್ತಿದ್ದರು. ಹೃದಯಸೇವಾ ಗುಣಮಟ್ಟ ಮಂಡಳಿ ಬಂದ ಮೇಲೆ ಐವತ್ತು ದಾಟಿದವರ ಮನೆಗೆಲ್ಲ ಎದೆಪಟ್ಟಿ ಬಂತು. ಅಂಗೈ ಅಗಲದ ಅಂಟುಪಟ್ಟಿ. ಎದೆನೋವು ಬಂದೊಡನೆ ಹಚ್ಚಿಕೊಂಡರೆ ಹೃದಯದ ಬಡಿತ, ರಕ್ತದೊತ್ತಡ, ರಕ್ತದಲ್ಲಿನ ಆಮ್ಲಜನಕ ಎಲ್ಲವನ್ನೂ ಓದಿ, ಹಳೆಯ ಕಾಯಿಲೆಗಳ ಮಾಹಿತಿಯನ್ನೂ ಕೂಡಿಸಿ, ಚಿಕಿತ್ಸೆ ಸಿಕ್ಕರೆ ಈ ಮನುಷ್ಯ ಒಂದು ತಿಂಗಳ ನಂತರ ಬದುಕಿರುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಹೇಳುತ್ತಿತ್ತು. ಚಾಲಕನಿಲ್ಲದ ಗಾಡಿ ತಾನಾಗಿ ಬಂದು ಕರೆದೊಯ್ಯುತ್ತಿತ್ತು. ಪ್ರತಿ ಆಸ್ಪತ್ರೆಯ ಹೆಬ್ಬಾಗಿಲಲ್ಲಿ ಅದರ ದರ್ಜೆ ಬೆಳಗುತ್ತಿತ್ತು. ಸೋಮಾರಿ ಆಸ್ಪತ್ರೆಗಳು ನಾಚಿಕೊಂಡು ಎದ್ದು ಕೂತವು. ಮುಚ್ಚಿಹೋದ ರಕ್ತನಾಳವನ್ನು ತೆರೆಯಲು ಗಂಟೆಗಟ್ಟಲೆ ತಡಮಾಡುತ್ತಿದ್ದವರು ಬಾಗಿಲಲ್ಲೇ ಕಾದು ನಿಲ್ಲತೊಡಗಿದರು. ಆಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರಲ್ಲಿ ನೀಲಾಂಬಿಕಾ ಒಬ್ಬರು.

ಮೊದಮೊದಲು ಮಂಡಳಿ ದರ್ಜೆ ಕೊಡುವಾಗ ರೋಗಿ ಎಷ್ಟು ಗಂಭೀರವಾಗಿದ್ದ ಎಂಬುದನ್ನೂ ನೋಡುತ್ತಿತ್ತು. ಆಸ್ಪತ್ರೆಗಳು ಬಂದವರನ್ನೆಲ್ಲ 'ಅತಿ ಗಂಭೀರ' ಎಂದು ದಾಖಲಿಸತೊಡಗಿದಾಗ, ಮಂಡಳಿ ಆ ರಿಯಾಯಿತಿಯನ್ನೇ ತೆಗೆದುಹಾಕಿತು. ಸಾವು ಎಂದರೆ ಸಾವು. ಅಲ್ಲಿಂದಾಚೆಗೆ ಸಾಯುವಂತಿದ್ದವರು ಯಾರಿಗೂ ಬೇಡವಾದರು. ದೊಡ್ಡ ಆಸ್ಪತ್ರೆಗಳು ಒತ್ತಾಯಿಸಿ, ಇಪ್ಪತ್ತೈದಕ್ಕಿಂತ ಕಡಿಮೆ ಅಂಕದವರಿಗೆ 'ಶಾಂತಿ ಮಾರ್ಗ' ಎಂಬುದನ್ನು ತಂದವು. ಮನೆಯಲ್ಲೇ ನೋವಿನ ಗುಳಿಗೆ, ವಾರಕ್ಕೊಮ್ಮೆ ದಾದಿಯ ಭೇಟಿ. ಹೆಸರು ತಣ್ಣಗಿತ್ತು. ದಾದಿ ಬರುವಷ್ಟರಲ್ಲಿ ಬಹಳ ಜನ ಇರುತ್ತಿರಲಿಲ್ಲ.

ಜನ ಹೊಂದಿಕೊಂಡರು. ಜನ ಹೊಂದಿಕೊಳ್ಳದ್ದು ಯಾವುದಿದೆ? ಆರೋಗ್ಯವಾಗಿದ್ದವರೂ ಹಬ್ಬದ ದಿನ ಪಟ್ಟಿ ಹಚ್ಚಿ ನೋಡಿಕೊಳ್ಳುತ್ತಿದ್ದರು. ಅಂಕ ಕಡಿಮೆಯಿದ್ದ ಅಜ್ಜಂದಿರು ಮುಂಜಾನೆ ಏದುಸಿರು ಬಿಡುತ್ತ ಕೆರೆ ಏರಿ ಸುತ್ತುತ್ತಿದ್ದರು. ಸಂತೆಪೇಟೆಯ ಹಿಂದೆ ಗಟ್ಟಿ ಎದೆಯ ಹುಡುಗರು ಸಿಗುತ್ತಾರಂತೆ, ಗಾಡಿ ಬರುವತನಕ ನಿಮ್ಮ ಪಟ್ಟಿ ಹಚ್ಚಿಕೊಂಡು ಕೂರುತ್ತಾರಂತೆ ಎಂಬ ಸುದ್ದಿಯೂ ಇತ್ತು.

ದ್ಯಾಮಣ್ಣನ ಮುಖ್ಯ ರಕ್ತನಾಳ ಬುಡದಲ್ಲೇ ಮುಚ್ಚಿತ್ತು. ನೀಲಾಂಬಿಕಾ ಅದನ್ನು ತೆರೆದರು, ಸ್ಟೆಂಟ್ ಕೂರಿಸಿದರು. ಪರದೆಯ ಮೇಲೆ ಕಪ್ಪು ದಾರದ ಹಾಗೆ ರಕ್ತ ಹರಿದಾಗ ಇಮಾಮಸಾಬ ನಿಟ್ಟುಸಿರು ಬಿಟ್ಟ. ಸಂಜೆಗೆ ದ್ಯಾಮಣ್ಣ ಕಣ್ಣು ಬಿಟ್ಟ. ಮರುದಿನ ಹೆಂಡತಿಯ ಜೊತೆ ಮಾತಾಡಿದ, ಅರ್ಧ ಬಟ್ಟಲು ಗಂಜಿ ಕುಡಿದ. ಆದರೆ ಹೃದಯದ ಸ್ನಾಯು ಬಹಳ ಹೊತ್ತು ರಕ್ತವಿಲ್ಲದೆ ಸತ್ತುಹೋಗಿತ್ತು. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡ.

ಸುದ್ದಿ ಹೇಳಲು ನೀಲಾಂಬಿಕಾ ತಾವೇ ಹೋದರು. ರುದ್ರವ್ವ ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ಗಾಡಿ ಮೊದಲನೇ ಸಲ ಬಂದಾಗ ಕರಕೊಂಡು ಬಂದಿದ್ರ?" ಎಂದು ಕೇಳಿದಳು.

ಡಾಕ್ಟರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಉಳೀಬಹುದಿತ್ತು," ಎಂದರು.

ವಾರದಲ್ಲಿ ಎರಡು ಸಂಗತಿ ನಡೆದವು. ಹೆಬ್ಬಾಗಿಲ ಮೇಲಿನ ಬಿ ಆರಿ ಸಿ ಹತ್ತಿಕೊಂಡಿತು. ಪಟ್ಟಿ ಬದಲಿಸಿ ವಂಚಿಸಿದ್ದಕ್ಕಾಗಿ ರುದ್ರವ್ವನಿಗೂ, ಗೊತ್ತಿದ್ದೂ ಚಿಕಿತ್ಸೆ ಮಾಡಿದ್ದಕ್ಕಾಗಿ ನೀಲಾಂಬಿಕಾಗೂ ಹುಬ್ಬಳ್ಳಿಯ ಮಂಡಳಿ ಕಚೇರಿಗೆ ಬರಬೇಕೆಂದು ಕರೆ ಬಂತು.

ಆ ಭಾನುವಾರ ನೀಲಾಂಬಿಕಾರ ಮನೆಯಲ್ಲಿ ಊಟದ ಹೊತ್ತಿಗೆ ಜಗಳವಾಯಿತು. ಗಂಡ ಬಸಲಿಂಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸಿಟ್ಟು ಬಂದರೂ ಸೂತ್ರ ಬಿಡಿಸುವವನ ಹಾಗೆ ನಿಧಾನಕ್ಕೆ ಮಾತಾಡುವವರು.

"ಇನ್ನೊಂದು ದರ್ಜೆ ಇಳಿದು ನಿನ್ನ ಲ್ಯಾಬ್ ಮುಚ್ಚಿದ್ರ ಸುತ್ತ ನಾಕು ತಾಲೂಕಿಗೆ ಗತಿಯಿಲ್ಲ. ಉಳಿಯೂ ಮಂದಿಯೂ ಸಾಯತಾರ. ಒಬ್ಬನ ಸಲುವಾಗಿ ಎಲ್ಲಾರನೂ ಕಳಕೊಳ್ಳೂದು ಯಾವ ನ್ಯಾಯ, ನೀಲಾ?"

"ಒಬ್ಬ ಅಲ್ರೀ. ಎಷ್ಟು ಮಂದಿನ ಗಾಡಿ ತಿರಿಗಿ ಕಳಸೈತಿ, ನಿಮಗ ಗೊತ್ತೈತೇನು? ನನಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

"ಆದ್ರ ಹುಬ್ಬಳ್ಳಿಯ ದೊಡ್ಡ ಆಸ್ಪತ್ರಿ ತೊಂಬತ್ತಾರು ಅಂತ ಹಾಕ್ಕೊಂಡೈತಿ. ನೂರರಾಗ ತೊಂಬತ್ತಾರು ಮಂದಿ ಉಳೀತಾರಂತ."

"ಯಾವ ನೂರು?"

ಬಸಲಿಂಗರ ಕೈ ರೊಟ್ಟಿಯ ಮೇಲೆ ನಿಂತಿತು. ಅವರ ತಾಯಿ ಗೌರವ್ವ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಎಂಬತ್ತರ ಹತ್ತಿರವಿದ್ದ ಗೌರವ್ವ ಎದೆಪಟ್ಟಿಯನ್ನು ಒಮ್ಮೆಯೂ ಹಚ್ಚಿಕೊಂಡವರಲ್ಲ. 'ಎಷ್ಟ ದಿನಾ ಇರ್ತೀನಂತ ಆ ಪ್ಲಾಸ್ಟಿಕ್ಕಿನ ತುಂಡಿಗೆ ಯಾಕ ಕೇಳ್ಲಿ?' ಎನ್ನುತ್ತಿದ್ದರು.

ಬಸಲಿಂಗ ಮೆಲ್ಲಗೆ, "ಛೇದ ಸಣ್ಣದು ಮಾಡ್ಯಾರ," ಎಂದರು. ತಮಗೇ ಹೇಳಿಕೊಂಡಂತಿತ್ತು. "ಸಾಯೂ ಹಂಗಿರೋರನ್ನ ಛೇದದಾಗಿಂದ ತಗದ್ರ ಎಂಥಾ ಆಸ್ಪತ್ರಿಗೂ ತೊಂಬತ್ತಾರು ಬರತೈತಿ. ಪರೀಕ್ಷಾಕ್ಕ ದಡ್ಡ ಹುಡುಗರನ್ನ ಕೂಡಿಸದ ನೂರಕ್ಕ ನೂರು ರಿಸಲ್ಟ್ ಮಾಡೂ ಸಾಲಿ ಹಂಗ."

"ಅದನ್ನ ಹೋಗಿ ಅವರಿಗೆ ಹೇಳು," ಎಂದರು ಗೌರವ್ವ ಸೊಸೆಗೆ. "ಉಂಡು ಹೋಗು."

ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಒಂದು ಇಡೀ ಗೋಡೆ ನಕ್ಷೆಯಾಗಿತ್ತು. ಅದರ ಮೇಲೆ ಹಸಿರು ಚುಕ್ಕೆಗಳು ಮಿಡಿಯುತ್ತಿದ್ದವು. ಒಂದೊಂದು ಚುಕ್ಕೆ ಒಂದೊಂದು ಎದೆ. ಅವುಗಳ ನಡುವೆ ಬೂದು ಬಣ್ಣದ ಚುಕ್ಕೆಗಳೂ ಇದ್ದವು. ಅವೂ ಮಿಡಿಯುತ್ತಿದ್ದವು, ಮಂದವಾಗಿ.

ಅಂಕದ ಲೆಕ್ಕ ರೂಪಿಸಿದ ವೃಷಭ ಉಪಾಧ್ಯೆ ಇಬ್ಬರನ್ನೂ ಬರಮಾಡಿಕೊಂಡ. ನಲವತ್ತರ ಆಸುಪಾಸಿನ, ಸೌಜನ್ಯದ ಮನುಷ್ಯ. ಮೊದಲು ರುದ್ರವ್ವನ ಕಡೆ ತಿರುಗಿದ.

"ಅಮ್ಮಾ, ಬ್ಯಾರೇದವರ ಪಟ್ಟಿ ಹಚ್ಚಿಕೊಳ್ಳೂದು ತಪ್ಪು ಅಂತ ನಿಮಗ ಗೊತ್ತಿತ್ತಲ್ಲ?"

"ಗೊತ್ತಿತ್ರಿ."

"ಮತ್ತ ಇಂಥಾದು ಮಾಡಂಗಿಲ್ಲ ಅಂತ ಒಂದು ಮಾತು ಹೇಳ್ರಿ, ಸಾಕು. ಪ್ರಕರಣ ಮುಗಸ್ತೀನಿ."

"ಮಾಡ್ತೀನ್ರಿ," ಎಂದಳು ರುದ್ರವ್ವ. "ನಮ್ಮ ಓಣ್ಯಾಗ ಯಾರಿಗೆ ಎದಿ ನೋವು ಬಂದ್ರೂ ನನ್ನ ಎದಿ ಕೊಡ್ತೀನಿ. ಬೇಕಾದ್ದು ಮಾಡ್ಕೋರಿ."

ವೃಷಭ ಪ್ರಕರಣ ಮುಗಿಸದೆ ಅವಳ ಕಡತವನ್ನು ಪಕ್ಕಕ್ಕಿಟ್ಟ. ಆ ಹೊತ್ತಿಗೆ ನೀಲಾಂಬಿಕಾ ಗೋಡೆಯ ಹತ್ತಿರ ಹೋಗಿದ್ದರು.

"ಈ ಬೂದು ಚುಕ್ಕಿ ಯಾರು?"

"ಶಾಂತಿ ಮಾರ್ಗದವರು, ಮೇಡಂ. ಪಟ್ಟಿ ಬಡಿತದ ಲೆಕ್ಕ ಕಳಿಸೂದನ್ನ ನಿಲ್ಲಸೂದಿಲ್ಲ. ಹೃದಯ ನಿಲ್ಲೂತನಕ ಕಳಸ್ತದ."

"ಅಂದ್ರ ಅವರು ಸಾಯೂದನ್ನ ನೀವು ಇಲ್ಲಿ ಕುಂತು ನೋಡ್ತೀರಿ."

"ನೋಡೂದಿಲ್ಲ, ಮೇಡಂ." ಅವನ ಮುಖ ಸಣ್ಣದಾಯಿತು. "ಅವರು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸೇರಿದವರಲ್ಲ."

"ಹಿರೇದಿನ್ನಿ ಸುತ್ತಲಿನವರನ್ನ ನನ್ನ ಲೆಕ್ಕಕ್ಕ ಸೇರಸ್ರಿ."

ವೃಷಭ ನಕ್ಕ. ನಂತರ ಅವರು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಿತು. ನಿಯಮದಲ್ಲಿ ಅವಕಾಶವಿತ್ತು. ಅಂಕ ಎಷ್ಟೇ ಇರಲಿ, ಯಾವ ಆಸ್ಪತ್ರೆ ಬೇಕಾದರೂ 'ಸ್ವೀಕಾರ' ಗುಂಡಿ ಒತ್ತಿ ರೋಗಿಯನ್ನು ತನ್ನವನೆಂದು ಹೇಳಬಹುದಿತ್ತು. ಗಾಡಿ ಅವನನ್ನು ಅಲ್ಲಿಗೇ ತಂದುಬಿಡುತ್ತಿತ್ತು. ಸತ್ತರೆ ಆ ಸಾವೂ ಅದರದೇ. ಅಂಥ ಹುಚ್ಚುತನಕ್ಕೆ ಈವರೆಗೆ ಯಾರೂ ಕೈ ಹಾಕಿರಲಿಲ್ಲ.

"ಎರಡು ತಿಂಗಳದಾಗ ಡಿ ದರ್ಜೆಗೆ ಬೀಳ್ತೀರಿ, ಮೇಡಂ. ಡಿ ಬಿದ್ರ ಲ್ಯಾಬಿಗೆ ಸೀಲ್ ಹಾಕಾಕ ನಾನ ಬರಬೇಕಾಗ್ತದ."

"ಬರ್ರಿ. ಚಾ ಕುಡದು ಹೋಗೀರಂತ."

ಮರುದಿನದಿಂದ ಹಿರೇದಿನ್ನಿಯಲ್ಲಿ ಯಾರಿಗೆ ಎದೆನೋವು ಬಂದರೂ, ಅಂಕ ಹತ್ತಿರಲಿ ತೊಂಬತ್ತಿರಲಿ, ಸ್ವೀಕಾರದ ಗುಂಡಿ ಬೀಳತೊಡಗಿತು. ಮೊದಲ ವಾರ ಗಾಡಿಗಳು ಅಂಗಳದಲ್ಲಿ ಸಾಲುಗಟ್ಟಿದವು. ಎಲ್ಲರೂ ಉಳಿಯಲಿಲ್ಲ. ಹನ್ನೊಂದು ಅಂಕದ ಹೆಂಗಸೊಬ್ಬಳು ನಡೆದು ಮನೆಗೆ ಹೋದಳು. ಇಪ್ಪತ್ನಾಲ್ಕರವನು ಟೇಬಲ್ಲಿನ ಮೇಲೆಯೇ ಹೋದ. ಇಮಾಮಸಾಬ ದಿನಕ್ಕೊಂದು ಸಲ ಹೆಬ್ಬಾಗಿಲಿನ ದರ್ಜೆ ನೋಡುತ್ತಿದ್ದವನು ನೋಡುವುದನ್ನೇ ಬಿಟ್ಟ.

ಒಂದು ದಿನ ಇನ್ನೂ ಕಷ್ಟದ್ದು ಬಂತು. ಹದಿನಾರು ಅಂಕದ ಮುದುಕನೊಬ್ಬ ಟೇಬಲ್ಲಿನ ಮೇಲಿದ್ದಾಗ ಎಪ್ಪತ್ತನಾಲ್ಕು ಅಂಕದ ಯುವಕ ಬಂದ. ಅವನು ಕಾಯಬೇಕಾಯಿತು. ಬದುಕಿದ, ಆದರೆ ಹೃದಯದ ಒಂದು ಭಾಗ ಶಾಶ್ವತವಾಗಿ ಸೋತಿತು. ಅವನ ಅಕ್ಕ ವರಾಂಡದಲ್ಲಿ ನಿಂತು ಕೂಗಿದಳು, "ಇವತ್ತೋ ನಾಳೆಯೋ ಹೋಗೂ ಮುದುಕನ ಸಲುವಾಗಿ ನಮ್ಮ ತಮ್ಮನ ಜೀವನಾ ಹಾಳ ಮಾಡಿದ್ರಿ! ಆ ನಂಬರ್ ಮತ್ಯಾಕ ಇಟ್ಟಾರ?"

ನೀಲಾಂಬಿಕಾ ಎದುರಿಗೆ ನಿಂತು ಅಷ್ಟನ್ನೂ ಕೇಳಿಸಿಕೊಂಡರು. "ನಿಮ್ಮ ಸಿಟ್ಟು ಖರೇ ಐತ್ರಿ," ಎಂದರು. "ನಮ್ಮ ಹತ್ರ ಒಂದ ಟೇಬಲ್ ಐತಿ. ಎರಡು ಇರಬೇಕಿತ್ತು. ಎರಡನೇದು ಯಾಕಿಲ್ಲ ಅಂದ್ರ, ಇಷ್ಟು ಮಂದಿಗೆ ಎದಿ ನೋವು ಬರತೈತಿ ಅಂತ ಯಾರೂ ಎಣಿಸಿಲ್ಲ. ಮನಿಯಾಗ ಸತ್ತವರನ್ನ ಎಣಿಸಿದ್ರ ತಾನ ಟೇಬಲ್ ಬೇಕು ಅಂತ ತಿಳಿಯೂದು?"

ಆ ಹೆಂಗಸಿಗೆ ಸಮಾಧಾನವಾಗಲಿಲ್ಲ. ನೀಲಾಂಬಿಕಾರಿಗೂ ಆಗಲಿಲ್ಲ. ಆ ದಿನ ಮನೆಗೆ ಹೋದವರು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತರು. ಗೌರವ್ವ ಬಂದು ಪಕ್ಕದಲ್ಲಿ ಕೂತು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು.

"ಬಿಟ್ಟುಬಿಡ್ಲೇನ್ರಿ, ಅತ್ತಿ?"

"ಬಿಟ್ರ ನಾಳೆ ನನಗ ಎದಿ ನೋವು ಬಂದ್ರ ಗಾಡಿ ತಿರಿಗಿ ಹೋಗತೈತಿ," ಎಂದರು ಗೌರವ್ವ. "ನಿನಗ ದಣಿವಾಗೈತಿ. ದಣಿವಾದಾಗ ಏನೂ ಬಿಡಬಾರದು."

ವೃಷಭ ಹೇಳಿದಂತೆಯೇ ಎರಡು ತಿಂಗಳಲ್ಲಿ ಹೆಬ್ಬಾಗಿಲಿನ ಮೇಲೆ ಡಿ ಬಂತು. ಅದರ ಹಿಂದೆಯೇ ಆದೇಶ ಹಿಡಿದು ಅವನೂ ಬಂದ. ಸಂಗಡ ಬೀಗಮುದ್ರೆಯ ಇಬ್ಬರು ಸಿಬ್ಬಂದಿ. ನೀಲಾಂಬಿಕಾ ಎಕ್ಸ್-ರೇ ತಡೆಯುವ ಸೀಸದ ಭಾರದ ಏಪ್ರನ್ನಿನಲ್ಲೇ ಹೊರಗೆ ಬಂದರು.

"ಟೇಬಲ್ ಮ್ಯಾಲ ರೋಗಿ ಅದಾರ. ರೋಗಿ ಇದ್ದಾಗ ಸೀಲ್ ಹಾಕಾಕ ಬರೂದಿಲ್ಲ ಅಂತ ನಿಮ್ಮದ ನಿಯಮ ಐತಿ."

"ಹೌದು, ಮೇಡಂ. ಮುಗೀಲಿ. ಕಾಯ್ತೀವಿ."

ಮುಗಿಯುವಷ್ಟರಲ್ಲಿ ಇನ್ನೊಬ್ಬ ರೋಗಿ ಒಳಗಿದ್ದ. ಅವನನ್ನು ಇಳಿಸುವ ಮುಂಚೆ ಮತ್ತೊಬ್ಬಳು ಬಾಗಿಲಲ್ಲಿದ್ದಳು. ತುರ್ತಿನವರು ಇಲ್ಲದ ಹೊತ್ತಿಗೆಂದು, ವಾರಗಳಿಂದ ಸರದಿ ಕಾಯುತ್ತಿದ್ದವರನ್ನೆಲ್ಲ ಇಮಾಮಸಾಬ ಕರೆಸಿಕೊಂಡಿದ್ದ. ಟೇಬಲ್ ಖಾಲಿಯಾಗಲಿಲ್ಲ. ಸುದ್ದಿ ಹರಡಿತು. ಮರುದಿನ ವಿಜಯಪುರದ ಕಡೆಯಿಂದ ಇಬ್ಬರು ಹೃದ್ರೋಗ ತಜ್ಞರು ತಮ್ಮ ಎ ದರ್ಜೆಯ ಆಸ್ಪತ್ರೆಗೆ ರಜೆ ಹಾಕಿ ಬಂದರು. "ಕೈ ಬದಲಿ ಮಾಡಾಕ ಬಂದೀವಿ, ಮೇಡಂ. ನೀವು ಮಲಕ್ಕೋರಿ," ಎಂದರು. ಅವರಲ್ಲಿ ಕಿರಿಯವನು, ಮೊದಲ ರೋಗಿಯ ಅಂಕ ಹದಿಮೂರು ಎಂದು ನೋಡಿ, "ಇಂಥವರನ್ನ ಮುಟ್ಟಿ ನಾಕು ವರ್ಷ ಆತು," ಎಂದ. ಕೈಗವಸು ಹಾಕಿಕೊಂಡು ಟೇಬಲ್ಲಿನ ಹತ್ತಿರ ಹೋದ.

ವೃಷಭ ವರಾಂಡದ ಬೆಂಚಿನ ಮೇಲೆ ಆದೇಶ ಹಿಡಿದು ಕೂತೇ ಇದ್ದ. ಬಸಲಿಂಗ ಮಾಸ್ತರ ಎಲ್ಲರಿಗೂ ರೊಟ್ಟಿ, ಬದನೆಕಾಯಿ ಪಲ್ಯ ತಂದರು. ಸೀಲ್ ಹಾಕಲು ಬಂದವನಿಗೂ ಬಡಿಸಿದರು.

"ಸರ, ನನ್ನ ಮ್ಯಾಲ ಸಿಟ್ಟಿಲ್ಲೇನು ನಿಮಗ?" ಎಂದ ವೃಷಭ.

"ಐತಿ," ಎಂದರು ಬಸಲಿಂಗ. "ಉಣ್ಣೂ ಹೊತ್ತಿನಾಗ ತಗಿಯೂದಿಲ್ಲ. ಒಂದು ಕೇಳ್ತೀನಿ. ನಿಮ್ಮ ಯಂತ್ರದಾಗ ಮನಿಯಾಗ ಸತ್ತವರದೂ ಐತಿ. ಎದಿ ನೋವು ಬಂದವರನ್ನೆಲ್ಲಾ ಛೇದದಾಗ ಹಾಕಿ ಒಂದ ಸಲ ಲೆಕ್ಕಾ ಮಾಡೀರೇನು?"

"ಯಾರೂ ಕೇಳಿಲ್ಲ."

"ನಾ ಕೇಳಾಕತ್ತೀನಿ."

ವೃಷಭ ಕೈ ತೊಳೆದುಕೊಂಡು ತನ್ನ ಲ್ಯಾಪ್‌ಟಾಪ್ ತೆರೆದ. ಮಾಹಿತಿಯೆಲ್ಲ ಅಲ್ಲೇ ಇತ್ತು. ಅಂಕ ಕಟ್ಟಿದವನಿಗೆ ಅಂಕವನ್ನು ಬಿಚ್ಚುವುದು ಕಷ್ಟವಾಗಲಿಲ್ಲ. ಪ್ರತಿ ಆಸ್ಪತ್ರೆಯ ಸುತ್ತಲಿನ ಪ್ರದೇಶದಲ್ಲಿ ಯಾರ್ಯಾರ ಎದೆ ನೊಂದಿತೋ ಅವರನ್ನೆಲ್ಲ ಕೂಡಿಸಿ, ಒಂದು ತಿಂಗಳಾಚೆ ಯಾರು ಜೀವಂತವಿದ್ದರು ಎಂದು ಎಣಿಸಿದ. ತೊಂಬತ್ತಾರರ ದೊಡ್ಡ ಆಸ್ಪತ್ರೆಯ ಪ್ರದೇಶದಲ್ಲಿ ನೂರಕ್ಕೆ ನಲವತ್ತೊಂಬತ್ತು ಜನ ಉಳಿದಿದ್ದರು. ಹಿರೇದಿನ್ನಿಯಲ್ಲಿ ಸ್ವೀಕಾರ ಶುರುವಾಗುವ ಮುಂಚೆ ನಲವತ್ತೇಳು. ಶುರುವಾದ ಮೇಲೆ ಅರವತ್ತನಾಲ್ಕು.

ಅವನು ಅದನ್ನು ಮತ್ತೆ ಮಾಡಿದ. ತಪ್ಪು ಹುಡುಕಿದ. ತಪ್ಪು ಇರಲಿಲ್ಲ. ಬಾಗಿಲಿನ ಗಾಜಿನಾಚೆ ನೀಲಾಂಬಿಕಾ ಯಾರದೋ ಎದೆಯ ಮೇಲೆ ಬಾಗಿ ನಿಂತಿದ್ದರು.

ಸಿಬ್ಬಂದಿಯಲ್ಲಿ ಒಬ್ಬ ಬಂದು, "ಸರ, ಟೇಬಲ್ ಖಾಲಿ ಆಗ್ಯಾದ ಅನಸ್ತದ," ಎಂದ.

"ಆಗಿಲ್ಲ," ಎಂದ ವೃಷಭ, ತಲೆಯೆತ್ತದೆ. "ನಡೀರಿ, ಊರಿಗೆ ಹೋಗೂನು."

ಮಂಡಳಿ ಆ ಲೆಕ್ಕವನ್ನು ಒಪ್ಪಲಿಲ್ಲ, ಹೊರಗೆ ಬಿಡಬೇಡವೆಂದಿತು. ವೃಷಭ ತನ್ನ ಹೆಸರು ಹಾಕಿ ಬಿಟ್ಟ. ಮರುವಾರ ಅವನನ್ನು ದಾಸ್ತಾನು ವಿಭಾಗಕ್ಕೆ ವರ್ಗ ಮಾಡಿದರು. ಆದರೆ ಮಾತು ಹೊರಬಿದ್ದಿತ್ತು. ಮನೆಯಲ್ಲಿ ಒಬ್ಬರನ್ನು 'ಶಾಂತಿ'ಯಿಂದ ಕಳಕೊಳ್ಳದವರು ಆ ಸೀಮೆಯಲ್ಲಿ ಕಡಿಮೆ. ಅವರೆಲ್ಲ ಆಸ್ಪತ್ರೆಗಳ ಬಾಗಿಲಿಗೆ ಬಂದು, 'ನಿಮ್ಮ ಇನ್ನೊಂದು ನಂಬರ್ ಎಷ್ಟು?' ಎಂದು ಕೇಳತೊಡಗಿದರು. ಉತ್ತರ ಕೊಡಲಾಗದ ಆಸ್ಪತ್ರೆಗಳು ಸ್ವೀಕಾರದ ಗುಂಡಿಯ ಕಡೆ ನೋಡಿದವು. ಹಿರೇದಿನ್ನಿಯ ಮುಚ್ಚುವ ಆದೇಶವನ್ನು ಮಂಡಳಿ 'ಮುಂದೂಡಿತು'. ತಪ್ಪಾಯಿತೆಂದು ಎಲ್ಲೂ ಹೇಳಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಪ್ರತಿ ಹೆಬ್ಬಾಗಿಲಲ್ಲೂ ಎರಡನೆಯ ಅಂಕವನ್ನು ತೋರಿಸಬೇಕೆಂಬ ಸುತ್ತೋಲೆ ಬಂತು.

ಅದನ್ನು ಕೂರಿಸಲು ಬಂದ ಮಂಡಳಿಯ ಅಧಿಕಾರಿ ನೀಲಾಂಬಿಕಾರನ್ನು ಪಕ್ಕಕ್ಕೆ ಕರೆದ. "ಮೇಡಂ, ಮ್ಯಾಲ ಡಿ ಅಂತ ಐತಿ. ಕೆಳಗ ಅರವತ್ತನಾಲ್ಕು. ಎರಡೂ ನೋಡಾಕ ಚಂದ ಕಾಣೂದಿಲ್ಲ. ನೀವು ಹೂಂ ಅಂದ್ರ ಸಣ್ಣ ಅಕ್ಷರದಾಗ ಹಾಕ್ತೀವಿ."

"ದೊಡ್ಡದು ಹಾಕ್ರಿ. ರಸ್ತೆದಾಗ ಹೋಗೂ ಬಸ್ಸಿನವರಿಗೂ ಕಾಣಬೇಕು."

"ನೂರಕ್ಕ ಮೂವತ್ತಾರು ಮಂದಿ ಸತ್ತಾರ ಅಂತ ನೀವ ಸಾರಿದಂಗ ಆಗ್ತದಲ್ರೀ?"

"ಹೌದು, ಸತ್ತಾರ." ಅವರ ದನಿ ಏರಲಿಲ್ಲ. "ಅವರಾಗ ಬಹಳ ಮಂದಿ ನಮ್ಮ ಊರ ಮುಂದಿನ ಹೊಳಿ ಆಚೀ ದಂಡಿಯವರು. ನಿಮ್ಮ ಗಾಡಿ ನೀರಾಗ ಹೋಗೂದಿಲ್ಲ, ಅವರು ನಮ್ಮತನಕ ಬರಾಕ ಆಗಿಲ್ಲ. ಇಷ್ಟು ದಿನಾ ಅವರು ಸತ್ತಿದ್ದು ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗೈತಿ. ನನಗೊಂದು ಲಾಂಚ್ ಬೇಕು, ಇನ್ನೊಂದು ಟೇಬಲ್ ಬೇಕು. ಬರಕೋರಿ."

"ಅದು ಮಾನದಂಡದಾಗ ಬರೂದಿಲ್ಲ, ಮೇಡಂ."

"ಹಂಗಾದ್ರ ನಿಮ್ಮ ಮಾನದಂಡ ಬದಲಿ ಮಾಡ್ರಿ. ಮಾಡೂತನಕ ನಾವು ಮೀನುಗಾರರ ದೋಣಿ ತಗೊಂಡು ಹೋಗ್ತೀವಿ. ಹುಟ್ಟು ಹಾಕೂದು ಇಮಾಮಸಾಬಗ ಬರತೈತಿ."

"ನನಗ ಎಲ್ಲಿ ಬರತೈತ್ರಿ, ಮೇಡಂ?" ಎಂದ ಬಾಗಿಲಲ್ಲಿದ್ದ ಇಮಾಮಸಾಬ, ಗಾಬರಿಯಿಂದ.

"ಕಲೀರಿ," ಎಂದು ನೀಲಾಂಬಿಕಾ ಹೊಳೆಯ ಕಡೆ ಹೊರಟರು.